ಹಾಡು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ: ರಬಕವಿ-ಬನಹಟ್ಟಿಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ರಬಕವಿ-ಬನಹಟ್ಟಿಯ ಒಂದು ಪವರ್‌ಲೂಮ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು. ವಯಸ್ಸು 52, ಈ ಕೆಲಸಕ್ಕೆ ಸೇರಿ 24 ವರ್ಷಗಳಾದವು. ನಮ್ಮ ತಂದೆಯವರು ಭಜನಾ ಮೇಳದಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ತಾಳ ಹಾಕುತ್ತಿದ್ದೆ. ಆಗ ಎಷ್ಟೋ ರಾತ್ರಿ ಕಣ್ಣು ತುಂಬಿ ಬಂದದ್ದುಂಟು. ಈಗ ಮಗಳು ಮೊಬೈಲಿನಲ್ಲಿ ಐನೂರು ಹಾಡು ತುಂಬಿಸಿಕೊಟ್ಟಿದ್ದಾಳೆ. ಮಗ್ಗಗಳ ಸದ್ದಿನ ನಡುವೆ ಇಡೀ ದಿನ ಇಯರ್‌ಫೋನ್ ಹಾಕಿಕೊಂಡು ಕೇಳುತ್ತೇನೆ. ಹಾಡು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ. ಮನೆಯಲ್ಲಿ ಸುಮ್ಮನೆ ಕುಳಿತು ಕೇಳೋಣವೆಂದರೆ, ದುಡಿಯುವ ಹೊತ್ತಿನಲ್ಲಿ ಮೈಗಳ್ಳನಾದೆನೇ ಎಂಬ ಅಳುಕು. ಟಿವಿಯ ಸದ್ದು ಹೆಚ್ಚು ಮಾಡುತ್ತೇನೆಂದು ನಮ್ಮ ಮನೆಯವರು ಬೈಯುತ್ತಾರೆ, ಅದು ಬೇರೆ ಮಾತು. ಊಟದಲ್ಲಿ ರುಚಿ ಇದೆ, ಮೊಮ್ಮಗಳ ಮಾತಿನಲ್ಲಿ ಖುಷಿ ಇದೆ. ಹಾಡಿನಲ್ಲಿ ಮಾತ್ರ ಇಲ್ಲ. ರಾಗ-ತಾಳದ ಶಾಸ್ತ್ರ ಕಲಿಯದಿದ್ದುದಕ್ಕೆ ಹೀಗಾಯಿತೇ? ಈ ಶ್ರಾವಣದಲ್ಲಿ ಮೇಳದವರು ಮತ್ತೆ ಕರೆದಿದ್ದಾರೆ. ಹೋಗಬೇಕೋ ಬೇಡವೋ ತಿಳಿಯದಾಗಿದೆ.

ಉತ್ತರ: ಮಾನ್ಯರೇ, ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 'ಅದು ಬೇರೆ ಮಾತು' ಎಂದು ನೀವು ಬದಿಗೆ ಸರಿಸಿದ ಸಂಗತಿಯಲ್ಲೇ ನನ್ನ ಉತ್ತರದ ಅರ್ಧ ಭಾಗ ಇದೆಯೆಂದು ತೋರುತ್ತದೆ. ನಾನು ಬೆಳಗಾವಿಯಲ್ಲಿ ಆಪ್ತಸಮಾಲೋಚನೆ ಮಾಡುವವನು, ಮನಸ್ಸಿನ ಮಾತು ಆಡಬೇಕಾದವನು. ಆದರೂ ನಿಮ್ಮ ವಿಷಯದಲ್ಲಿ ಮೊದಲು ಕಿವಿಯ ಮಾತು ಮುಗಿಸಿ, ಆಮೇಲೆ ಮನಸ್ಸಿಗೆ ಬರುತ್ತೇನೆ.

ಸಾಲಾಗಿ ಪವರ್‌ಲೂಮುಗಳು ಓಡುವ ಶೆಡ್ಡಿನೊಳಗಿನ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್‌ಗಿಂತ ಮೇಲೆಯೇ ಇರುತ್ತದೆ. ದಿನಕ್ಕೆ 8 ಗಂಟೆಯಂತೆ ವರ್ಷಗಟ್ಟಲೆ 85 ಡೆಸಿಬೆಲ್ ಮೀರಿದ ಸದ್ದಿನಲ್ಲಿ ಇದ್ದವರ ಒಳಗಿವಿಯಲ್ಲಿ, ಧ್ವನಿಯನ್ನು ಹಿಡಿದು ನರಕ್ಕೆ ಒಪ್ಪಿಸುವ ಸೂಕ್ಷ್ಮವಾದ ರೋಮಕೋಶಗಳು ಒಂದೊಂದಾಗಿ ಸಾಯುತ್ತವೆ. ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಈ ಹಾನಿ ಎಲ್ಲ ಸ್ವರಗಳಿಗೂ ಒಂದೇ ಸಲ ಆಗುವುದಿಲ್ಲವಾದ್ದರಿಂದ ಅದು ಬಂದದ್ದು ಗೊತ್ತಾಗುವುದಿಲ್ಲ. ಮೊದಲು ಮಂಕಾಗುವುದು 4000 ಹರ್ಟ್ಸ್ ಆಸುಪಾಸಿನ ಎತ್ತರದ ಧ್ವನಿಗಳು. ಎದುರಿನವರ ಮಾತು ಕೇಳುತ್ತದೆ, ಆದರೆ ಸ, ಶ, ತ ಮುಂತಾದ ಅಕ್ಷರಗಳು ಸವೆದಿರುತ್ತವೆ. ತನಗೆ ಕಿವಿ ಮಂದವಾಗಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ, ಮನೆಯವರೆಲ್ಲ ಇತ್ತೀಚೆಗೆ ಗೊಣಗುತ್ತಾರೆ ಎಂದು ಅನ್ನಿಸುತ್ತದೆ. ಟಿವಿಯ ಸದ್ದು ತಾನಾಗಿ ಏರುತ್ತದೆ.

ಹಾಡಿನಲ್ಲಿ ಇದರ ಪರಿಣಾಮ ಏನೆಂದು ಯೋಚಿಸಿ. ತಾಳಗಳು ಒಂದಕ್ಕೊಂದು ತಗುಲಿದ ಮೇಲೆ ಗಾಳಿಯಲ್ಲಿ ಉಳಿಯುವ ಆ ತೆಳುವಾದ ಝೇಂಕಾರ, ತಂಬೂರಿಯ ತಂತಿಯಿಂದ ಏಳುವ ಹೊಳಪು, ಹಾಡುವವರು ಸಾಲಿನ ಕೊನೆಗೆ ಬಿಡುವ ಉಸಿರು, ಇವೆಲ್ಲ ಎತ್ತರದ ಧ್ವನಿಗಳಲ್ಲೇ ಇರುವಂಥವು. ಅವು ಹೋದರೆ ಹಾಡಿನ ಧಾಟಿ ಉಳಿಯುತ್ತದೆ, ಸಾಹಿತ್ಯ ಉಳಿಯುತ್ತದೆ, ಜೀವ ಮಾತ್ರ ತೆಳುವಾಗುತ್ತದೆ. ಬಾಲ್ಯದಲ್ಲಿ ನಿಮ್ಮ ಕೈಯಲ್ಲೇ ತಾಳ ಇತ್ತು. ಆ ನಾದ ನಿಮ್ಮ ಕಿವಿಯಿಂದ ಒಂದು ಮೊಳ ದೂರದಲ್ಲಿತ್ತು. ನಿಮ್ಮ ಕಿವಿಗೆ ನಿಜವಾಗಿ ಎಷ್ಟು ಹಾನಿಯಾಗಿದೆ ಎಂಬುದನ್ನು ಪರೀಕ್ಷೆಯಿಂದಲೇ ತಿಳಿಯಬೇಕು. ಆದ್ದರಿಂದ ಬಾಗಲಕೋಟೆಯಲ್ಲೋ ಜಮಖಂಡಿಯಲ್ಲೋ ನಿಮಗೆ ಅನುಕೂಲವಾದ ಕಡೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಂಡು ಆಡಿಯೋಮೆಟ್ರಿ ಮಾಡಿಸಿಕೊಳ್ಳಿ. ಅರ್ಧ ಗಂಟೆಯ ಕೆಲಸ, ನೋವಿಲ್ಲದ ಪರೀಕ್ಷೆ. 24 ವರ್ಷ ಮಗ್ಗದ ಸದ್ದಿನಲ್ಲಿ ಕುಳಿತವರಿಗೆ ಇದನ್ನು ನಾನು ಸಲಹೆಯೆಂದು ಹೇಳುತ್ತಿಲ್ಲ, ಆಗ್ರಹವೆಂದು ತಿಳಿಯಿರಿ.

ಇನ್ನು ಇಯರ್‌ಫೋನು. ಇದು ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಕ್ಕೆ ಈಡುಮಾಡಿದ ಸಂಗತಿ. ಮಗ್ಗದ ಸದ್ದಿನ ಮೇಲೆ ಹಾಡು ಕೇಳಿಸಬೇಕಾದರೆ ಹಾಡು ಆ ಸದ್ದಿಗೆ ಸರಿಸಮವಾಗಿಯಾದರೂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಅಲ್ಲಿಂದ ಮುಂದೆ 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ನೀವು ಲೆಕ್ಕ ಬರೆಯುವವರು, ಕಾಗದದ ಮೇಲೆ ಹಾಕಿ ನೋಡಿ: 95 ಡೆಸಿಬೆಲ್‌ಗೆ ಬರುವಷ್ಟರಲ್ಲಿ ವಾರಕ್ಕೆ ಒಂದೂಕಾಲು ಗಂಟೆ ಮಾತ್ರ ಉಳಿಯುತ್ತದೆ. ಅಷ್ಟನ್ನು ನೀವು ಸೋಮವಾರ ಮಧ್ಯಾಹ್ನದ ಊಟಕ್ಕೆ ಏಳುವ ಮೊದಲೇ ಖರ್ಚು ಮಾಡಿರುತ್ತೀರಿ. ನಾಳೆಯಿಂದಲೇ ಶೆಡ್ಡಿನಲ್ಲಿ ಇಯರ್‌ಫೋನ್ ತೆಗೆದು, ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಹಾಕಿಕೊಳ್ಳಿ. ಬೆರಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬಿ ಕೂಡುವವರೆಗೆ ಹಿಡಿದಿರಬೇಕು. ಕಿವಿಯ ಬಾಯಿಗೆ ಮಾತ್ರ ಸಿಕ್ಕಿಸಿದರೆ ಉಪಯೋಗವಿಲ್ಲ. ಹಾಡಿನ ಮೇಲೆ ಆಸೆಯುಳ್ಳವರು ಮಾಡಬೇಕಾದ ಮೊದಲ ಕೆಲಸ ಹಾಡು ನಿಲ್ಲಿಸುವುದೇ ಎಂದು ನಿಮಗೆ ಬೇಸರವಾಗಬಹುದು. ಆದರೆ ಆ ಹೊತ್ತಿನಲ್ಲಿ ನೀವು ಕೇಳುತ್ತಿದ್ದುದು ಹಾಡಲ್ಲ, ಒಂದು ಸದ್ದನ್ನು ಮುಚ್ಚಲು ಹೊದಿಸಿದ ಇನ್ನೊಂದು ಸದ್ದು.

ಇಲ್ಲಿಂದ ಮನಸ್ಸಿನ ವಿಷಯ. ಎಲ್ಲ ಸುಖಗಳೂ ಒಟ್ಟಿಗೆ ಸಪ್ಪಗಾದರೆ, ಎರಡು ವಾರ ಮೀರಿ ಯಾವುದರಲ್ಲೂ ಆಸಕ್ತಿ ಹುಟ್ಟದೆ ನಿದ್ದೆ ಮತ್ತು ಹಸಿವು ಕೆಟ್ಟರೆ, ಅದನ್ನು ಖಿನ್ನತೆಯ ಲಕ್ಷಣವೆಂದು ಪರಿಗಣಿಸಿ ವೈದ್ಯರ ಬಳಿ ಹೋಗಬೇಕಾಗುತ್ತದೆ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಊಟ ರುಚಿಸುತ್ತದೆ, ಮೊಮ್ಮಗಳ ಮಾತು ಹಿತವಾಗಿದೆ. ಆದ್ದರಿಂದ ನಿಮ್ಮದು ಅದಲ್ಲವೆಂದು ಮೇಲ್ನೋಟಕ್ಕೆ ತೋರುತ್ತದೆ. ಹುಟ್ಟಿನಿಂದಲೇ ಸಂಗೀತ ತಾಕದ ಕೆಲವರಿದ್ದಾರೆ. ಭಜನೆಯಲ್ಲಿ ಕಣ್ಣು ತುಂಬಿಕೊಂಡ ನೀವು ಅವರಲ್ಲಿ ಒಬ್ಬರಂತೂ ಅಲ್ಲ.

ಹಾಗಾದರೆ ಕಳೆದುಹೋದದ್ದು ಏನು? ನನ್ನ ತಿಳಿವಳಿಕೆಯಂತೆ ನಿಮ್ಮ ಹಾಡು ತನ್ನ ಹೊತ್ತನ್ನೂ ಜಾಗವನ್ನೂ ಕಳೆದುಕೊಂಡಿದೆ. ನಮ್ಮ ಭಾಗದಲ್ಲಿ ಹಾಡಿಗೆ ಎಂದೂ ಒಂದು ಹೊತ್ತು ಇತ್ತು. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಒಂದು ಪದ, ಕಣದಲ್ಲಿ ಎತ್ತುಗಳು ಸುತ್ತುವಾಗ ಹಂತಿಯ ಪದ, ಮದುವೆ ಚಪ್ಪರದಲ್ಲಿ ಸೋಬಾನ, ಶ್ರಾವಣದ ಸೋಮವಾರ ರಾತ್ರಿ ಭಜನೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡರಲ್ಲ, ಆ ಪದಗಳನ್ನು ಹಾಡಿದ ತಾಯಂದಿರು ಬಿಡುವು ಮಾಡಿಕೊಂಡು ಹಾಡಲು ಕುಳಿತವರಲ್ಲ. ಕೈಯಲ್ಲಿ ಬೀಸುಕಲ್ಲಿನ ಗೂಟ ಇತ್ತು, ಕಲ್ಲಿನ ಸುತ್ತೇ ಅವರ ಲಯವಾಗಿತ್ತು. ಹಿಟ್ಟಿನ ಗಿರಣಿ ಬಂದಾಗ ಕೈಗೆ ವಿಶ್ರಾಂತಿ ಸಿಕ್ಕಿತು, ಅದು ಒಳ್ಳೆಯದೇ ಆಯಿತು; ಆದರೆ ಹಾಡಿಗಿದ್ದ ಹೊತ್ತು ಹೋಯಿತು. ನಿಮ್ಮ ಊರಿನಲ್ಲೂ ಹೀಗೆಯೇ ಆಗಿದೆ. ಕೈಮಗ್ಗದ ಲಾಳಿ ನೇಕಾರರ ಕೈಕಾಲಿನ ವೇಗಕ್ಕೆ ಓಡುತ್ತಿತ್ತು, ಬೇಕಾದಾಗ ನಿಲ್ಲುತ್ತಿತ್ತು, ಒಂದು ಪದ ಗುನುಗಲು ಅದರ ಲಯದಲ್ಲಿ ಎಡೆ ಇತ್ತು. ಪವರ್‌ಲೂಮಿನ ಲಾಳಿ ಮೋಟಾರಿನ ವೇಗಕ್ಕೆ ಓಡುತ್ತದೆ, ಅದರ ಜೊತೆ ಮನುಷ್ಯರು ಹಾಡಲಾರರು. ಈ ಹಿನ್ನೆಲೆಯಲ್ಲಿ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ: ಕೆಲಸದ ಜೊತೆಗೇ ಹಾಡು ಬರುತ್ತಿದ್ದ ಸೀಮೆಯಲ್ಲಿ ಕೆಲಸವಿಲ್ಲದೆ ಬರೀ ಹಾಡಿಗಾಗಿ ಕುಳಿತುಕೊಳ್ಳುವುದು ನಮ್ಮ ಹಿರಿಯರು ನಮಗೆ ಕಲಿಸಿಕೊಟ್ಟ ರೂಢಿಯಲ್ಲ. ಅದನ್ನು ಈಗ ಹೊಸದಾಗಿ ರೂಢಿಸಿಕೊಳ್ಳಬೇಕು, ಮತ್ತು ಅದರಲ್ಲಿ ತಪ್ಪೇನೂ ಇಲ್ಲ.

ಸುಮ್ಮನೆ ಬಿದ್ದುಕೊಂಡು ಕೇಳಿದ್ದರಿಂದ ಏನಾಗಬಹುದು ಎಂಬುದಕ್ಕೆ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠರ, ಅಂದರೆ ಕುಮಾರ ಗಂಧರ್ವರ ಬದುಕನ್ನು ನೆನೆಯುತ್ತೇನೆ. ಬಾಲ್ಯದಲ್ಲೇ ಹೆಸರು ಮಾಡಿದ್ದ ಅವರಿಗೆ ಇಪ್ಪತ್ತರ ಹರೆಯದಲ್ಲಿ ಕ್ಷಯ ಬಂದಿತು. 1948ರಲ್ಲಿ ಒಣಹವೆಗಾಗಿ ಮಧ್ಯ ಭಾರತದ ದೇವಾಸಕ್ಕೆ ಹೋದರು. ಅಲ್ಲಿ ಸುಮಾರು ಐದು ವರ್ಷ ಅವರು ಹಾಡುವಂತಿರಲಿಲ್ಲ. ಹಾಡಲಾರದ ಹಾಡುಗಾರ ಹಾಸಿಗೆಯ ಮೇಲೆ ಮಾಡಿದ ಒಂದೇ ಕೆಲಸ ಕೇಳುವುದು: ಮನೆಯ ಸುತ್ತ ಓಡಾಡುವ ಜನ ಹಾಡಿಕೊಳ್ಳುತ್ತಿದ್ದ ಮಾಳವ ಸೀಮೆಯ ಜನಪದ ಗೀತೆಗಳನ್ನು ಕೇಳುವುದು. ಗುಣಮುಖರಾದ ಮೇಲೆ ಅವರು ಹಾಡಿದ ಸಂಗೀತಕ್ಕೆ, ಕಟ್ಟಿದ ಹೊಸ ರಾಗಗಳಿಗೆ ಆ ಧಾಟಿಗಳೇ ಬೀಜವಾದವು. ನನ್ನ ಬಳಿ ಬರುವವರಲ್ಲಿ ಅನೇಕರು ಕೇಳುವುದನ್ನು ಕೆಲಸವೆಂದು ಎಣಿಸುವುದೇ ಇಲ್ಲ. ಕುಮಾರರ ಐದು ವರ್ಷಗಳನ್ನು ಯಾರು ಮೈಗಳ್ಳತನ ಎಂದಾರು?

ಈಗ ಐನೂರು ಹಾಡುಗಳ ಪ್ರಶ್ನೆ. ಮಗಳು ಪ್ರೀತಿಯಿಂದ ತುಂಬಿಸಿಕೊಟ್ಟಿದ್ದಾಳೆ, ಅಳಿಸಬೇಡಿ. ಆದರೆ ಅವುಗಳಲ್ಲಿ ಐದನ್ನು ಆರಿಸಿಕೊಂಡು ಒಂದು ತಿಂಗಳು ಅವನ್ನೇ ಕೇಳಿ. ಇದಕ್ಕೆ ಕಾರಣ ಇದೆ. ಕೆನಡಾದ ಮಾಂಟ್ರಿಯಲ್ ನಗರದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮೈ ಜುಮ್ಮೆನ್ನಿಸುವ ತಮ್ಮ ಮೆಚ್ಚಿನ ಸಂಗೀತವನ್ನು ಕೇಳುತ್ತಿದ್ದವರ ಮೆದುಳನ್ನು ಪರೀಕ್ಷಿಸಿದರು. ಸುಖದೊಡನೆ ನಂಟಿರುವ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾದದ್ದು ಹಾಡಿನ ಆ ಉತ್ತುಂಗದ ಗಳಿಗೆಯಲ್ಲಿ ಮಾತ್ರವಲ್ಲ. ಅದಕ್ಕಿಂತ ಸ್ವಲ್ಪ ಮುಂಚೆ, 'ಈಗ ಬರುತ್ತದೆ, ಈಗ ಬರುತ್ತದೆ' ಎಂದು ಕೇಳುಗರು ಕಾಯುವ ಹೊತ್ತಿನಲ್ಲೂ ಮೆದುಳಿನ ಬೇರೊಂದು ಭಾಗದಲ್ಲಿ ಅದು ಬಿಡುಗಡೆಯಾಗುತ್ತಿತ್ತು. ನಮ್ಮ ಸಂಗೀತದ ಕೇಳುಗರಿಗೆ ಇದು ಹೊಸ ವಿಷಯವಲ್ಲ. ಹದಿನಾರು ಮಾತ್ರೆಯ ತೀನತಾಳದಲ್ಲಿ ಗಾಯಕರು ಎಲ್ಲೆಲ್ಲೋ ಅಲೆದು ಸಮ್ಮಿಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಇಳಿಯುವಾಗ ಸಭೆ ಯಾಕೆ ತಲೆದೂಗುತ್ತದೆ? ಅವರೂ ಅಷ್ಟು ಹೊತ್ತು ಅದಕ್ಕಾಗಿ ಕಾದಿದ್ದರಿಂದ. ಭಜನೆಯಲ್ಲಿ ನುಡಿ ಮುಗಿದು ಪಲ್ಲವಿಗೆ ತಿರುಗುವಾಗ ಇಡೀ ಮೇಳ ಒಟ್ಟಿಗೆ ದನಿ ಏರಿಸುವುದೂ ಅದೇ ಸುಖ. ಕಾಯಬೇಕಾದರೆ ಮುಂದೆ ಏನು ಬರುವುದೆಂದು ಗೊತ್ತಿರಬೇಕು, ಗೊತ್ತಿರಬೇಕಾದರೆ ಹಲವು ಸಲ ಕೇಳಿರಬೇಕು. ಐನೂರು ಹಾಡು ಒಂದರ ಹಿಂದೊಂದು ಸಿಕ್ಕಾಪಟ್ಟೆ ಬಂದು ಹೋದರೆ ಯಾವುದಕ್ಕೂ ಕಾಯಲು ಅವಕಾಶವಿಲ್ಲ. ನಿಮ್ಮ ತಂದೆಯವರಿಗೆ ಎಷ್ಟು ಪದ ಬರುತ್ತಿದ್ದವು ಎಂದು ನೆನಪು ಮಾಡಿಕೊಳ್ಳಿ. ಅವೇ ಪದಗಳನ್ನು ಅವರು ನಲವತ್ತು ವರ್ಷ ಹಾಡಿದರು, ನೀವು ಅವೇ ಪದಗಳಿಗೆ ಅತ್ತಿರಿ.

ಶಾಸ್ತ್ರ ಕಲಿಯದ ಬಗ್ಗೆ ನೀವು ಕೊರಗುವ ಅಗತ್ಯವಿಲ್ಲ. ತಾಳಮಾನದ ಲೆಕ್ಕ ತನಗೆ ತಿಳಿಯದೆಂದೂ ಒಲಿದಂತೆ ಹಾಡುತ್ತೇನೆಂದೂ ಬಸವಣ್ಣನವರೇ ಹೇಳಿದ್ದಾರೆ, ಅವರ ಕೂಡಲಸಂಗಮ ನಿಮ್ಮ ಜಿಲ್ಲೆಯಲ್ಲೇ ಇದೆ. ಹಾಗೆಂದು ತಿಳಿವಳಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ತಿಳಿದಷ್ಟು ರುಚಿ ಹೆಚ್ಚುತ್ತದೆ. ಆದರೆ ಅದು ಒಲವಿನ ಹಿಂದಿನಿಂದ ಬರಲಿ. ಕನ್ನಡದ ಮಾತಿನ ಆಸರೆ ಇರುವ ಹಾಡುಗಳಿಂದ ಆರಂಭಿಸಿ ಎಂದು ನಾನು ಹೇಳುತ್ತೇನೆ: ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಹಾಡಿದ ವಚನಗಳು, ಭೀಮಸೇನ ಜೋಶಿಯವರು ಹಾಡಿದ ದಾಸರ ಪದಗಳು. ಮಾತು ನಿಮಗೆ ಮೊದಲೇ ಗೊತ್ತಿರುವುದರಿಂದ ಕಿವಿ ತಾನಾಗಿ ಸ್ವರದ ಕಡೆ ಹೊರಳುತ್ತದೆ. ಹೊತ್ತಿಗೆ ಹೊಂದುವ ರಾಗವನ್ನು ಆರಿಸಿಕೊಳ್ಳುವುದೂ ಒಳ್ಳೆಯದು. ಊಟವಾಗಿ ಬಿಸಿಲು ಇಳಿಯುವ ಹೊತ್ತಿಗೆ ಭೀಮಪಲಾಸ, ದೀಪ ಹಚ್ಚಿದ ಮೇಲೆ ಯಮನ್, ಬೆಳಿಗ್ಗೆ ಭೈರವ ಅಥವಾ ತೋಡಿ ಎಂಬ ಹಿಂದೂಸ್ತಾನಿ ಪದ್ಧತಿಯ ಕ್ರಮ ಬರೀ ಕಟ್ಟುಪಾಡೆಂದು ನನಗೆ ಅನ್ನಿಸುವುದಿಲ್ಲ. ದಿನವೂ ಅದೇ ಬೆಳಕಿನಲ್ಲಿ ಅದೇ ರಾಗ ಕೇಳಿದವರಿಗೆ ಕೆಲವು ವಾರಗಳಲ್ಲಿ ಆ ಬೆಳಕೇ ರಾಗವನ್ನು ನೆನಪಿಸತೊಡಗುತ್ತದೆ. ಇದನ್ನು ನನ್ನ ಅನುಭವದಿಂದ ಹೇಳುತ್ತಿದ್ದೇನೆ: ಬೆಳಗಾವಿಯ ಮಳೆಗಾಲದಲ್ಲಿ ಸಂಜೆ ಆರರ ಹೊತ್ತಿಗೆ ಹಂಚಿನ ಮೇಲೆ ಜಿಟಿಜಿಟಿ ಶುರುವಾದರೆ ಸಾಕು, ಯಾರೂ ಹಾಡದಿದ್ದರೂ ನನ್ನ ಒಳಗೆ ಯಮನ್‌ನ ತೀವ್ರ ಮಧ್ಯಮ ಏಳುತ್ತದೆ.

ಹೇಗೆ ಕುಳಿತುಕೊಳ್ಳಬೇಕು? ಕಾರ್ಖಾನೆಯಿಂದ ಬಂದ ಕೂಡಲೇ ಹಾಡು ಹಚ್ಚಬೇಡಿ. ದೊಡ್ಡ ಸದ್ದಿನಿಂದ ಹೊರಬಂದ ಕಿವಿ ಕೆಲವು ಗಂಟೆಗಳ ತನಕ ಮಂದವಾಗಿಯೇ ಇರುತ್ತದೆ. ಕೈಕಾಲು ತೊಳೆದು, ಚಹಾ ಕುಡಿದು, ಊಟ ಮುಗಿಸಿ, ಮನೆಯ ಮಾಳಿಗೆಯ ಮೇಲೋ ಪಡಸಾಲೆಯಲ್ಲೋ ಒಂದೇ ಜಾಗ ಗೊತ್ತುಮಾಡಿಕೊಂಡು, ಇಪ್ಪತ್ತು ನಿಮಿಷ ಮಾತ್ರ ಕುಳಿತುಕೊಳ್ಳಿ. ಇಯರ್‌ಫೋನ್ ಬೇಡ, ಒಂದು ಸಣ್ಣ ಸ್ಪೀಕರ್ ಸಾಕು, ಸದ್ದು ಮಾತಿನ ಮಟ್ಟದಲ್ಲಿರಲಿ. ಮೊದಲ ಎರಡು ನಿಮಿಷ ಏನೂ ಹಚ್ಚದೆ ಸುತ್ತಲಿನ ಸದ್ದು ಕೇಳಿ. ವಿಜಯಪುರದ ಗೋಲಗುಮ್ಮಟವನ್ನು ನೀವು ನೋಡಿಯೇ ಇರುತ್ತೀರಿ. ಮಧ್ಯಾಹ್ನ ಜನ ತುಂಬಿ ಕೂಗಾಡುವಾಗ ಆ ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೇಳಿಸುವುದು ಗದ್ದಲ ಮಾತ್ರ. ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋದರೆ ಗೋಡೆಗೆ ಬಾಯಿಟ್ಟು ಆಡಿದ ಪಿಸುಮಾತು ಎದುರಿನ ಗೋಡೆಯ ಬಳಿ ಕುಳಿತವರಿಗೆ ತಲುಪುತ್ತದೆ, ಒಂದು ಚಪ್ಪಾಳೆ ಏಳೆಂಟು ಸಲ ಮರಳಿ ಬರುತ್ತದೆ. ಕಟ್ಟಡ ಅದೇ, 1656ರ ಹೊತ್ತಿಗೆ ಕಟ್ಟಿ ನಿಲ್ಲಿಸಿದ ಅದೇ ಗುಮ್ಮಟ. ವ್ಯತ್ಯಾಸ ಇರುವುದು ನಿಶ್ಶಬ್ದದಲ್ಲಿ. ಆ ಎರಡು ನಿಮಿಷಗಳನ್ನು ನಾನು ಕೇಳುತ್ತಿರುವುದು ಇದಕ್ಕಾಗಿ.

ಹಾಡು ಶುರುವಾದ ಮೇಲೆ ಒಂದು ಸಲಕ್ಕೆ ಒಂದೇ ಸಂಗತಿಯನ್ನು ಹಿಂಬಾಲಿಸಿ. ಇವತ್ತು ತಂಬೂರಿ ಮಾತ್ರ. ನಿಮ್ಮ ಊರಿನಿಂದ ಬಹಳ ದೂರವಿಲ್ಲದ ಮಿರಜದಲ್ಲಿ ತಂಬೂರಿ ಮಾಡುವ ಮನೆತನಗಳಿವೆ; ಸೋರೆ ಬುರುಡೆಯ ಮೇಲೆ ನಾಲ್ಕು ತಂತಿ ಕಟ್ಟಿ, ತಂತಿಗಳನ್ನು ಹೊರುವ ಕುದುರೆ ಎಂಬ ಪಟ್ಟಿಗೂ ತಂತಿಗೂ ನಡುವೆ ಒಂದು ಎಳೆ ದಾರ ಸಿಕ್ಕಿಸಿ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ನಾದವನ್ನು ಅರಳಿಸುತ್ತಾರೆ. ಆ ದಾರದಿಂದ ಏಳುವ ಝೇಂಕಾರ ಈಗ ನಿಮ್ಮ ಕಿವಿಗೆ ಎಷ್ಟು ಕೇಳುತ್ತದೆ ಎಂದು ಗಮನಿಸಿ. ನಾಳೆ ತಬಲಾದ ಎಡಗೈ, ನಾಡಿದ್ದು ಗಾಯಕರು ಉಸಿರು ತೆಗೆದುಕೊಳ್ಳುವ ಜಾಗ. ನಡುವೆ ಮನಸ್ಸು ಕಾರ್ಖಾನೆಯ ಲೆಕ್ಕಕ್ಕೆ ಓಡಿದರೆ ಬೈದುಕೊಳ್ಳಬೇಡಿ, ತೊಡೆಯ ಮೇಲೆ ತಾಳ ಹಾಕಿ. ಕೈ ಲಯ ಹಿಡಿದರೆ ಮನಸ್ಸು ಅದರ ಹಿಂದೆ ಬರುತ್ತದೆ. ಹಚ್ಚಿದ ಹಾಡು ಮುಗಿದ ಕೂಡಲೇ ಇನ್ನೊಂದು ಹಚ್ಚದೆ ನಿಲ್ಲಿಸಿಬಿಡಿ. ಇನ್ನಷ್ಟು ಬೇಕೆನ್ನಿಸುವಾಗ ಏಳುವುದು ಕಷ್ಟ, ಆದರೆ ಮರುದಿನದ ಆಸೆ ಹುಟ್ಟುವುದು ಅಲ್ಲಿಂದಲೇ.

ಮೊಮ್ಮಗಳನ್ನು ಜೊತೆಗೆ ಕೂರಿಸಿಕೊಳ್ಳಬಹುದೇ ಎಂದು ನೀವು ಕೇಳಿಲ್ಲ. ನಾನೇ ಹೇಳುತ್ತೇನೆ, ಅವಳಿಗೆ ಇಷ್ಟವಿದ್ದರೆ ಕೂರಿಸಿಕೊಳ್ಳಿ, ಆದರೆ ಪಾಠ ಹೇಳಬೇಡಿ.

ದಿನದ ಉಳಿದ ಸಣ್ಣ ಸುಖಗಳಿಗೂ ನಾನು ಹೇಳುವುದು ಇದೇ ಮಾತು. ಊಟದಲ್ಲಿ ನಿಮಗೆ ರುಚಿ ಉಳಿದಿರುವುದು ಏಕೆ? ಅದಕ್ಕೆ ಇನ್ನೂ ಅದರದೇ ಹೊತ್ತು ಇದೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತದೆ, ನೀವು ತಾಟಿನ ಮುಂದೆ ಕುಳಿತು ಕಾಯುತ್ತೀರಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತೀರಿ, ಶೇಂಗಾ ಚಟ್ನಿಗೆ ಮೊಸರು ಕಲಸುತ್ತೀರಿ. ಇಡೀ ದಿನ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಲೆಕ್ಕ ಬರೆದಿದ್ದರೆ ಅದೂ ಹಾಡಿನ ಹಾಗೆ ಸಪ್ಪಗಾಗುತ್ತಿತ್ತು. ಅಂದಹಾಗೆ ಆ ರೊಟ್ಟಿ ಬಡಿಯುವ ಸದ್ದನ್ನು ಈ ವಾರ ಸ್ವಲ್ಪ ಕಿವಿಗೊಟ್ಟು ಕೇಳಿ. ಪ್ರತಿಯೊಬ್ಬರ ಕೈಗೂ ಒಂದೊಂದು ಲಯ ಇರುತ್ತದೆ, ನಿಮ್ಮ ಮನೆಯವರ ಲಯ ನಿಮಗೆ ಇಷ್ಟು ವರ್ಷದಿಂದ ಗೊತ್ತಿದೆ, ಗೊತ್ತಿದೆಯೆಂಬುದು ಮಾತ್ರ ಗೊತ್ತಿಲ್ಲ. ಮಗ್ಗಗಳು ನಿಲ್ಲುವ ರಜೆಯ ದಿನ ಬೆಳಿಗ್ಗೆ ಕೃಷ್ಣಾ ದಂಡೆಯವರೆಗೆ ನಡೆದುಹೋಗಿ. ಅಲ್ಲಿ ಹೋಗಿ ಏನಾದರೂ ಮಾಡಬೇಕೆಂದಿಲ್ಲ. ಆರು ದಿನದ ಸದ್ದಿನಿಂದ ದಣಿದ ಕಿವಿಗೆ ಅದೂ ಒಂದು ಚಿಕಿತ್ಸೆಯೇ.

ಇನ್ನು ಮೇಳದವರ ಕರೆ. ಹೋಗಿ, ಖಂಡಿತವಾಗಿ ಹೋಗಿ. ಒಬ್ಬರೇ ಕೇಳುವ ಹಾಡಿಗಿಂತ ಹತ್ತು ಜನರ ನಡುವೆ ಕುಳಿತು ದನಿಗೂಡಿಸುವ ಹಾಡು ಬೇಗ ಒಳಗಿಳಿಯುತ್ತದೆ, ಅಲ್ಲಿ ನಿಮ್ಮ ಉಸಿರೂ ಕೈಯೂ ಕೆಲಸ ಮಾಡುತ್ತಿರುತ್ತವೆ. ದನಿ ಒಡೆದಿದೆಯೆಂಬ ಸಂಕೋಚ ಬೇಡ. ಹಾಡುವವರು ಹಾಡಲಿ, ನೀವು ಪಲ್ಲವಿಗೆ ಮಾತ್ರ ದನಿ ಸೇರಿಸಿದರೂ ಸಾಕು. ಧ್ವನಿವರ್ಧಕ ಹಚ್ಚಿದ್ದರೆ ಅದರ ಎದುರು ಕುಳಿತುಕೊಳ್ಳಬೇಡಿ, ಏಕತಾರಿಯವರ ಮಗ್ಗುಲಲ್ಲಿ ಜಾಗ ಕೇಳಿ. ಶ್ರಾವಣಕ್ಕೆ ಮೊದಲೇ ಆಡಿಯೋಮೆಟ್ರಿ ಮುಗಿದಿರಲಿ. ಶ್ರವಣಯಂತ್ರ ಬೇಕೆಂದು ವೈದ್ಯರು ಹೇಳಿದರೆ ಹಿಂಜರಿಯದೆ ಕೊಳ್ಳಿ, ಕೊಳ್ಳುವಾಗ ಮಾತಿಗಷ್ಟೇ ಅಲ್ಲ, ಸಂಗೀತಕ್ಕೂ ಬೇಕು ಎಂದು ಬಾಯಿಬಿಟ್ಟು ಹೇಳಿ. ಅದಕ್ಕೆ ತಕ್ಕ ಹಾಗೆ ಯಂತ್ರವನ್ನು ಹೊಂದಿಸಿ ಕೊಡಲು ಬರುತ್ತದೆ.

ಬಾಲ್ಯದಲ್ಲಿ ನೀವು ಹಿಡಿಯುತ್ತಿದ್ದ ತಾಳಗಳು ಮನೆಯಲ್ಲಿ ಎಲ್ಲಾದರೂ ಇದ್ದರೆ ಹುಡುಕಿ ತೆಗೆಯಿರಿ. ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಹಳೆಯ ದಾರ ಜೀರ್ಣವಾಗಿದ್ದರೆ ಹೊಸ ದಾರ ಪೋಣಿಸಿ, ಒಂದು ಸಲ ಮೆಲ್ಲಗೆ ತಾಕಿಸಿ, ಆ ನಾದ ಎಷ್ಟು ಹೊತ್ತು ನಿಮ್ಮ ಕಿವಿಯಲ್ಲಿ ನಿಲ್ಲುತ್ತದೆ ಎಂದು ಎಣಿಸಿ. ನಿಮ್ಮ ಪಕ್ಕದಲ್ಲಿ ಮೊಮ್ಮಗಳೂ ಎಣಿಸಲಿ. ಇಬ್ಬರ ಲೆಕ್ಕವನ್ನೂ ಆಡಿಯೋಮೆಟ್ರಿಯ ಫಲಿತಾಂಶದ ಜೊತೆಗೆ ನನಗೆ ಬರೆದು ತಿಳಿಸಿ.